ಅಂಗಳದ ವಿಜ್ಞಾನ ಪಾಠಕ್ಕೆ ಅಕ್ಕಸಾಲಿಗರ ಮಸೂರ

ನಾಲ್ಕು ಮತ್ತು ಐದನೇ ತರಗತಿಯ ಪರಿಸರ ಅಧ್ಯಯನದ ಪಾಠವನ್ನು ಅಂಗಳಕ್ಕೆ ಒಯ್ಯುವ ಶಿಕ್ಷಕರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಹಿಡಿಕೆಯಿರುವ ದೊಡ್ಡ ಭೂತಗನ್ನಡಿಯನ್ನು. ಅದು ಎರಡು ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಿಸದ ಕಾರಣ, ಬರಿಗಣ್ಣಿಗೆ ಕಂಡದ್ದನ್ನೇ ತುಸು ದೊಡ್ಡದಾಗಿ ತೋರಿಸಿ ಸುಮ್ಮನಾಗುತ್ತದೆ. ಅದರ ಬದಲು ಅಕ್ಕಸಾಲಿಗರು ಬಳಸುವ, ಲೋಹದ ಕವಚದೊಳಗೆ ಮಡಚಿಡಬಹುದಾದ ಹತ್ತು ಪಟ್ಟಿನ ಸಣ್ಣ ಮಸೂರವನ್ನು ಮಳೆಗಾಲದಿಂದ ಅವರೆಕಾಯಿಯ ಕಾಲದವರೆಗೆ ಮಕ್ಕಳ ಕೈಗೆ ಕೊಟ್ಟು ನೋಡಿದ್ದೇನೆ.

ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಅಗ್ಗದ ಮಸೂರಗಳ ಮೇಲೆ 30×21 ಎಂದು ಕೊರೆದಿರುತ್ತದೆ. 21 ಎಂಬುದು ಗಾಜಿನ ವ್ಯಾಸ, ಮಿಲಿಮೀಟರ್‌ಗಳಲ್ಲಿ. 30 ಪಟ್ಟು ಎಂಬುದನ್ನು ಮಾತ್ರ ಕಣ್ಣುಮುಚ್ಚಿ ನಂಬುವಂತಿಲ್ಲ. 250ನ್ನು ಮಿಲಿಮೀಟರ್‌ಗಳಲ್ಲಿರುವ ಸಂಗಮ ದೂರದಿಂದ, ಅಂದರೆ ದೂರದ ವಸ್ತುವಿನ ಬಿಂಬ ಸ್ಪಷ್ಟವಾಗಿ ಮೂಡುವ ಜಾಗಕ್ಕೆ ಮಸೂರದಿಂದ ಇರುವ ಅಂತರದಿಂದ, ಭಾಗಿಸಿದರೆ ಪಟ್ಟು ಸಿಗುತ್ತದೆಯಾದ್ದರಿಂದ, ಅಂಗಡಿಯಲ್ಲಿಯೇ ದೂರದ ಬಾಗಿಲಿನ ಬಿಂಬವನ್ನು ಬಿಳಿ ಕಾಗದದ ಮೇಲೆ ಮೂಡಿಸಿ, ಮಸೂರಕ್ಕೂ ಕಾಗದಕ್ಕೂ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಅಳೆದರೆ ಸಾಕು. ಸುಮಾರು 25 ಮಿ.ಮೀ. ಬಂದರೆ ಅದು ಹತ್ತು ಪಟ್ಟಿನದು. ಮಕ್ಕಳಿಗೆ ಬೇಕಾದದ್ದೂ ಅಷ್ಟೇ. ನಿಜವಾದ ಮೂವತ್ತು ಪಟ್ಟಿನ ಮಸೂರವಾದರೆ ಎಲೆಯನ್ನು ಎಂಟು ಮಿಲಿಮೀಟರ್ ದೂರದಲ್ಲಿ ಅಲುಗದಂತೆ ಹಿಡಿಯಬೇಕಾಗುತ್ತದೆ, ಅದು ದೊಡ್ಡವರಿಗೇ ಕಷ್ಟ.

ಇದರ ಬೆಲೆ ಗೊತ್ತಾಗುವುದು ಅವರೆ ಗಿಡದ ಎಳೆ ಕುಡಿಯ ಮುಂದೆ. ಬರಿಗಣ್ಣಿಗೆ ಕಪ್ಪು ಮಸಿಯಂತೆ ಕಾಣುವ ಗಿಡಹೇನುಗಳ ಹಿಂಡು ಮಸೂರದಡಿ ಬಿಡಿಬಿಡಿಯಾಗುತ್ತದೆ: ಹೊಟ್ಟೆಯ ಹಿಂಭಾಗದ ಎರಡು ಪುಟ್ಟ ಕೊಳವೆಗಳು, ಕಾಂಡಕ್ಕೆ ಚುಚ್ಚಿದ ಮೂತಿ, ತಾಯಿಯ ಮಗ್ಗುಲಲ್ಲಿ ಮರಿಗಳು. ಇರುವೆಯೊಂದು ಮೀಸೆಯಿಂದ ಹೇನನ್ನು ತಟ್ಟಿ, ಅದು ಹೊರಬಿಡುವ ಸಿಹಿ ಹನಿಯನ್ನು ಹೀರುವುದನ್ನು ಕಂಡ ಹುಡುಗಿಯೊಬ್ಬಳು, “ಮಿಸ್, ಇದು ಹಾಲು ಕರೀತಾ ಇದೆ” ಎಂದಳು. ಜೀವಿಗಳ ಪರಸ್ಪರ ಅವಲಂಬನೆಯ ಬಗ್ಗೆ ಕಪ್ಪುಹಲಗೆಯ ಮೇಲೆ ನಾನು ಬರೆಯಬೇಕೆಂದಿದ್ದ ವಾಕ್ಯ ಅಂದು ಅನಗತ್ಯವಾಯಿತು.

ಕೊರತೆಗಳೂ ಇವೆ. ವಸ್ತು ಅಷ್ಟು ಹತ್ತಿರ ಬರಬೇಕಾದ್ದರಿಂದ ಓಡುವ, ಹಾರುವ ಕೀಟಗಳಿಗೆ ಇದು ಒಗ್ಗುವುದಿಲ್ಲ. ಅಲ್ಲಿ ದೊಡ್ಡ ಭೂತಗನ್ನಡಿಯೇ ಮೇಲು. ಒಮ್ಮೆಗೆ ಒಬ್ಬರಷ್ಟೇ ನೋಡಬಹುದಾದ್ದರಿಂದ ಇಬ್ಬರಿಗೆ ಒಂದಾದರೂ ಇಲ್ಲದಿದ್ದರೆ ಅಂಗಳದಲ್ಲಿ ನೂಕುನುಗ್ಗಲು ಖಚಿತ. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಎಲೆಯನ್ನು ಅದರತ್ತ ತರಬೇಕು ಎಂಬುದನ್ನು ಮೊದಲ ದಿನವೇ ಕಲಿಸದಿದ್ದರೆ, ಮಕ್ಕಳು ತೋಳು ಚಾಚಿ ಹಿಡಿದು “ಏನೂ ಕಾಣ್ತಿಲ್ಲ” ಎನ್ನುತ್ತಾರೆ. ಸೂರ್ಯನತ್ತ ತಿರುಗಿಸಲೇಬಾರದು. ಅಲರ್ಜಿ ತರುವ ಕಾಂಗ್ರೆಸ್ ಗಿಡದ ಹೂವನ್ನು ಮುಖದ ಹತ್ತಿರ ತರಲು ಬಿಡಬಾರದು. ಹೂಗೊಂಚಲಿನ ಪಾಠಕ್ಕೆ ಚೆಂಡು ಹೂ ಇದ್ದೇ ಇದೆ.

ಮನು ಪ್ರಕಾಶ್ ಮತ್ತು ಅವರ ಸ್ಟ್ಯಾನ್‌ಫರ್ಡ್ ತಂಡ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ 140 ಪಟ್ಟು ಹಿಗ್ಗಿಸುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಮಾದರಿಯನ್ನು ಕಿತ್ತು ಸ್ಲೈಡ್ ಮಾಡಬೇಕು. ಗಿಡದ ಮೇಲೆಯೇ ನಡೆಯುವ ಬದುಕನ್ನು ನೋಡುವುದಕ್ಕೆ ಅದು ಬದಲಿಯಲ್ಲ. ಐದನೇ ತರಗತಿಯವರೆಗೆ ಈ ಪುಟ್ಟ ಮಸೂರವನ್ನೇ ಕೊಳ್ಳಿ, ಕವಚದ ತೂತಿಗೆ ಬಣ್ಣದ ದಾರ ಕಟ್ಟಿ. ಹುಲ್ಲಿನಲ್ಲಿ ಬಿದ್ದರೆ ಹುಡುಕಲು ಸುಲಭ.