ಟ್ರ್ಯಾಕ್‌ಗೆ ಇಳಿಯುವ ಟರ್ಬೊ ಕಾರಿಗೆ ಯಾವ ಆಯಿಲ್? ಆಕ್ಟೇವಿಯಾ ಆರ್‌ಎಸ್‌ನಲ್ಲಿ ಮೂರು ಆಯಿಲ್‌ಗಳ ದೀರ್ಘ ಬಳಕೆ

ಕಾರು: ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. 2.0 ಲೀಟರ್ ಟಿಎಸ್‌ಐ, ಇಎ888 ಸರಣಿಯ ಮೂರನೇ ತಲೆಮಾರಿನ ಎಂಜಿನ್, ರಿಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನಲ್ಲಿ ಮಾಡುವ ಬದಲಾವಣೆ) ಇಲ್ಲ.
ಬಳಕೆ: ವಾರವಿಡೀ ಬೆಂಗಳೂರಿನ ಟ್ರಾಫಿಕ್, ಆಗೊಮ್ಮೆ ಈಗೊಮ್ಮೆ ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ ರೇಸ್ ಟ್ರ್ಯಾಕ್ (3.7 ಕಿ.ಮೀ.).
ಹಾಕಿದ್ದು: ಮೊಬಿಲ್ 1 ಇಎಸ್‌ಪಿ 5ಡಬ್ಲ್ಯೂ-30, ಮೋಟುಲ್ 8100 ಎಕ್ಸ್-ಸೆಸ್ 5ಡಬ್ಲ್ಯೂ-40, ಮೋಟುಲ್ 300ವಿ 5ಡಬ್ಲ್ಯೂ-40.

ಆತುರದಲ್ಲಿರುವವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೆ ಎರಡು ಮೂರು ಟ್ರ್ಯಾಕ್ ಡೇ, ಉಳಿದ ದಿನ ಮನೆ–ಆಫೀಸು ಅನ್ನುವ ಕಾರಿಗೆ ವಿಡಬ್ಲ್ಯೂ 502 00 (ಫೋಕ್ಸ್‌ವ್ಯಾಗನ್‌ನ ಆಯಿಲ್ ಮಾನದಂಡ, ಸ್ಕೋಡಾಗೂ ಅದೇ) ಅನುಮೋದನೆ ಇರುವ 5ಡಬ್ಲ್ಯೂ-40 ಸಾಕು. 300ವಿ ಒಳ್ಳೆಯ ಆಯಿಲ್, ಆದರೆ ಈ ಬಗೆಯ ಬಳಕೆಗೆ ಅಲ್ಲ. ಇಎಸ್‌ಪಿ 5ಡಬ್ಲ್ಯೂ-30 ರಸ್ತೆಗೆ ಚೆನ್ನ. ಏಪ್ರಿಲ್–ಮೇ ಬಿಸಿಲಿನಲ್ಲಿ ಟ್ರ್ಯಾಕ್‌ಗೆ ಹೋದರೆ ಮಾತ್ರ ಅದಕ್ಕೆ ಸ್ವಲ್ಪ ಕಷ್ಟವಾಗುತ್ತದೆ.

ಇನ್ನೊಂದು ಮಾತು. ಸ್ಟಿಯರಿಂಗ್ ಹಿಡಿದು ಕೂತವರಿಗೆ ಈ ಮೂರರ ನಡುವೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. "ಆಯಿಲ್ ಹಾಕಿದ ತಕ್ಷಣ ಎಂಜಿನ್ ಬೆಣ್ಣೆಯಂತಾಯಿತು" ಅನ್ನುವ ವಿಮರ್ಶೆಗಳಲ್ಲಿ ಹೆಚ್ಚಿನವು ಹಳೇ ಆಯಿಲ್ ಹೋಗಿ ಹೊಸದು ಬಂದ ಖುಷಿ ಮಾತ್ರ. ವ್ಯತ್ಯಾಸ ಕಾಣುವುದು ಟೆಂಪರೇಚರ್ ಗೇಜ್ ಮೇಲೇರಿದಾಗ ಬೇರಿಂಗ್‌ಗಳ ನಡುವೆ ಆಯಿಲಿನ ಎಷ್ಟು ಪದರ ಉಳಿದಿದೆ ಅನ್ನುವುದರಲ್ಲಿ. ಅದು ಸೀಟಿಗೆ ಗೊತ್ತಾಗುವ ಸಂಗತಿಯಲ್ಲ.

ಒಂದು ಗ್ರೇಡ್ ಅಂದರೆ ಹತ್ತು ಡಿಗ್ರಿ

ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಳಿಯ ಲೆಕ್ಕ. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 0ಡಬ್ಲ್ಯೂ ಆಯಿಲನ್ನು ಮೈನಸ್ 35ರಲ್ಲಿ ಪರೀಕ್ಷಿಸುತ್ತಾರೆ. ಡಿಸೆಂಬರ್ ಬೆಳಗ್ಗೆ 14–15 ಡಿಗ್ರಿಗೆ ಸ್ವೆಟರ್ ಹಾಕುವ ನಮಗೆ ಆ ವ್ಯತ್ಯಾಸದಿಂದ ಆಗಬೇಕಾದದ್ದು ಏನೂ ಇಲ್ಲ. ನೋಡಬೇಕಾದದ್ದು ಎರಡನೇ ಅಂಕಿ. 100 ಡಿಗ್ರಿಯಲ್ಲಿ 30 ಗ್ರೇಡ್ ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ (ಆಯಿಲ್ ಎಷ್ಟು ದಪ್ಪ ಅನ್ನುವ ಅಳತೆ), 40 ಗ್ರೇಡ್ ಅಂದರೆ 12.5ರಿಂದ 16.3.

ಟ್ರ್ಯಾಕ್‌ನಲ್ಲಿ ಆಯಿಲ್ 100ರಲ್ಲಿ ನಿಲ್ಲುವುದಿಲ್ಲ. ಈ ಎಂಜಿನ್‌ನಲ್ಲಿ ಆಯಿಲ್ ಕೂಲರ್ ಇದೆ, ಆದರೆ ಅದು ಗಾಳಿಗೆ ಮೈಯೊಡ್ಡಿದ ರೇಡಿಯೇಟರ್ ಅಲ್ಲ. ಕೂಲಂಟ್ ಮೂಲಕ ಶಾಖ ಬಿಡುವ ಡಬ್ಬ. ಕೂಲಂಟ್ ಕಾದರೆ ಆಯಿಲ್ ತಣಿಯಲು ಜಾಗವಿಲ್ಲ. ಹಾಗಾಗಿ ಬೇಸಿಗೆಯ ಸೆಷನ್‌ನಲ್ಲಿ ನಾಲ್ಕೈದು ಗಟ್ಟಿ ಲ್ಯಾಪ್ ಹೊತ್ತಿಗೆ ಗೇಜ್ 130ರ ಆಸುಪಾಸಿಗೆ ಬರುವುದು ಮಾಮೂಲು.

ಈಗ ಲೆಕ್ಕ ಹಾಕಿ. 100 ಡಿಗ್ರಿಯಲ್ಲಿ 14 ಸೆಂಟಿಸ್ಟೋಕ್ ಇರುವ 5ಡಬ್ಲ್ಯೂ-40 ಆಯಿಲ್ 130ರಲ್ಲಿ ಸುಮಾರು 8ಕ್ಕೆ, 140ರಲ್ಲಿ 6.7ರ ಹತ್ತಿರಕ್ಕೆ ಇಳಿಯುತ್ತದೆ. 100ರಲ್ಲಿ 12 ಇರುವ 5ಡಬ್ಲ್ಯೂ-30 ಆಯಿಲ್ 130ರಲ್ಲೇ 7ಕ್ಕೆ ಬಂದಿರುತ್ತದೆ. ಅಂದರೆ 140 ಡಿಗ್ರಿಯ 40 ಗ್ರೇಡೂ 130 ಡಿಗ್ರಿಯ 30 ಗ್ರೇಡೂ ಹೆಚ್ಚುಕಡಿಮೆ ಒಂದೇ. ದಪ್ಪ ಆಯಿಲ್ ನಮಗೆ ಕೊಡುವುದು ಹತ್ತು ಡಿಗ್ರಿಯ ಅವಕಾಶ, ಅದಕ್ಕಿಂತ ಹೆಚ್ಚೇನಲ್ಲ. ಎರಡು ಲ್ಯಾಪ್ ಕಡಿಮೆ ಓಡಿಸಿದರೂ ಆ ಹತ್ತು ಡಿಗ್ರಿ ಸಿಗುತ್ತದೆ, ಅದೂ ಪುಕ್ಕಟೆ.

ಡೇಟಾಶೀಟ್‌ನಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಎಚ್‌ಟಿಎಚ್‌ಎಸ್. ಆಯಿಲನ್ನು 150 ಡಿಗ್ರಿಗೆ ಕಾಯಿಸಿ, ಬೇರಿಂಗ್‌ನಲ್ಲಿ ಆಗುವಂಥ ಸೆಳೆತಕ್ಕೆ ಒಡ್ಡಿ ಅಳೆದ ಸ್ನಿಗ್ಧತೆ, ಅಂದರೆ ದಪ್ಪ, ಅದು. ಯೂರೋಪಿನ ಕಾರು ತಯಾರಕರ ಸಂಘ ಎಸಿಇಎಯ ಎ3/ಬಿ4 ಮತ್ತು ಸಿ3 ದರ್ಜೆಗಳೆರಡಕ್ಕೂ ಕನಿಷ್ಠ 3.5 ಇರಲೇಬೇಕು. ವಿಡಬ್ಲ್ಯೂ 504 00 ಅನುಮೋದನೆಯ ಆಯಿಲ್‌ಗಳೂ (ಇಎಸ್‌ಪಿ ಅಂಥದ್ದೇ) ಇದೇ ಮಟ್ಟದವು. ಇಎಸ್‌ಪಿ 5ಡಬ್ಲ್ಯೂ-30ಯನ್ನು "ನೀರಿನಂಥ ಆಯಿಲ್" ಎಂದು ತಳ್ಳಿಹಾಕುವವರು ಈ ಸಾಲನ್ನು ಓದಿರುವುದಿಲ್ಲ. ನಿಜಕ್ಕೂ ದೂರ ಇಡಬೇಕಾದದ್ದು ಹೊಸ ವಿಡಬ್ಲ್ಯೂ 508 00, ಅಂದರೆ 0ಡಬ್ಲ್ಯೂ-20. ಅದರ ಎಚ್‌ಟಿಎಚ್‌ಎಸ್ ಮಿತಿ 2.6. ಅದಕ್ಕಾಗಿಯೇ ರೂಪಿಸಿದ ಎಂಜಿನ್‌ಗಳಿಗೆ ಅದು ಸರಿ, ಈ ಎಂಜಿನ್‌ಗೆ ಅಲ್ಲ.

ಮೂರೂ ಆಯಿಲ್‌ಗಳ ಬಗ್ಗೆ

ಇಎಸ್‌ಪಿ 5ಡಬ್ಲ್ಯೂ-30: ಸುಟ್ಟಾಗ ಬೂದಿ ಕಡಿಮೆ ಬಿಡುವ ಆಯಿಲ್. ಎಕ್ಸಾಸ್ಟ್‌ನಲ್ಲಿ ಪಾರ್ಟಿಕ್ಯುಲೇಟ್ ಫಿಲ್ಟರ್ ಇರುವ ಕಾರಿನವರಿಗೆ 504 00ನಂಥ ಕಡಿಮೆ ಬೂದಿಯ ಆಯಿಲೇ ಗತಿ. ಯೂರೋಪಿನಲ್ಲಿ ಹೊಸ ಟಿಎಸ್‌ಐ ಇಟ್ಟುಕೊಂಡಿರುವ ಕನ್ನಡಿಗರು ಇದನ್ನು ಗಮನಿಸಿ, 502 00ಕ್ಕೆ ಹಾರಬೇಡಿ. 504 00 ನಿಯಮದ ಇನ್ನೊಂದು ಲಾಭ ಆವಿಯಾಗುವ ಪ್ರಮಾಣ ಕಡಿಮೆ ಇರುವುದು. ಚಳಿಗಾಲದ ಟ್ರ್ಯಾಕ್ ಡೇ, 15 ನಿಮಿಷದ ಸೆಷನ್, ನಡುವೆ ಒಳ್ಳೆಯ ವಿರಾಮ ಅಂದರೆ ಇದೇ ಆಯಿಲ್‌ನಲ್ಲಿ ಧೈರ್ಯವಾಗಿ ಹೋಗಬಹುದು.

8100 ಎಕ್ಸ್-ಸೆಸ್ 5ಡಬ್ಲ್ಯೂ-40: ಎ3/ಬಿ4, ವಿಡಬ್ಲ್ಯೂ 502 00, ಪೋರ್ಷೆ ಎ40 ಎಲ್ಲವೂ ಕ್ಯಾನಿನ ಮೇಲಿದೆ. ಎ40 ಗುರುತು ಟ್ರ್ಯಾಕ್‌ನವರಿಗೆ ಉಪಯೋಗದ್ದು, ಬಿಸಿ ಮತ್ತು ಎತ್ತರದ ಆರ್‌ಪಿಎಂ ತಡೆಯುವ ಪರೀಕ್ಷೆ ಅದರ ಹಿಂದಿದೆ. ಇದೇ ಅನುಮೋದನೆಗಳಿರುವ ಬೇರೆ ಕಂಪನಿಯ 5ಡಬ್ಲ್ಯೂ-40 ಅಥವಾ 0ಡಬ್ಲ್ಯೂ-40 ಆಗಿದ್ದರೂ ತೀರ್ಪು ಬದಲಾಗುತ್ತಿರಲಿಲ್ಲ. ಬಾಟಲಿಯ ಬಣ್ಣ ನೋಡಬೇಡಿ, ಹಿಂಬದಿಯ ಸಣ್ಣ ಅಕ್ಷರ ನೋಡಿ. ಅಲ್ಲಿಯೂ "ಅನುಮೋದಿತ" ಎಂದಿದೆಯೋ, "ಈ ಮಟ್ಟಕ್ಕೆ ಸರಿಹೊಂದುತ್ತದೆ" ಎಂದಿದೆಯೋ ಗಮನಿಸಿ. ಎರಡನೆಯದು ಆಯಿಲ್ ಕಂಪನಿ ತನಗೆ ತಾನೇ ಕೊಟ್ಟುಕೊಂಡ ಸರ್ಟಿಫಿಕೇಟ್.

300ವಿ 5ಡಬ್ಲ್ಯೂ-40: ಎಸ್ಟರ್ ಆಧಾರದ ರೇಸಿಂಗ್ ಆಯಿಲ್. ಬಿಸಿಯಲ್ಲಿ ಪದರ ಹಿಡಿದಿಡುವ ವಿಷಯದಲ್ಲಿ ಮೂರರಲ್ಲಿ ಇದೇ ಮೇಲು. ಆದರೆ ಇದಕ್ಕೆ ಕಾರು ಕಂಪನಿಗಳ ಅನುಮೋದನೆ ಇಲ್ಲ. ವಾರಂಟಿ ಇರುವ ಕಾರಿನವರಿಗೆ ಮಾತು ಇಲ್ಲಿಗೇ ಮುಗಿಯಿತು. ಮುಖ್ಯವಾಗಿ, ಇದು ಹಾಕಿ, ಓಡಿಸಿ, ಬೇಗ ಸುರಿಯುವ ಆಯಿಲ್. ಇದನ್ನು ಹಾಕಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಹತ್ತು ಸಾವಿರ ಕಿ.ಮೀ. ಎಳೆಯುವುದು ರೇಷ್ಮೆ ಪಂಚೆ ಉಟ್ಟು ಗದ್ದೆಗೆ ಇಳಿದ ಹಾಗೆ. ಪ್ರತೀ ಟ್ರ್ಯಾಕ್ ವಾರಾಂತ್ಯದ ನಂತರ ಬದಲಿಸುತ್ತೇನೆ ಅನ್ನುವವರು ಮಾತ್ರ ಕೊಳ್ಳಲಿ. ಬೇರೆ ಆಯಿಲ್ ಜೊತೆ ಬೆರೆಸಬೇಡಿ.

"ನಮ್ಮ ಬಿಸಿಲಿಗೆ 20ಡಬ್ಲ್ಯೂ-50 ಹಾಕಿ ಸಾರ್" ಅನ್ನುವ ಸಲಹೆ ಗ್ಯಾರೇಜಿನಲ್ಲಿ ಇನ್ನೂ ಬರುತ್ತದೆ. ಬೇಡ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊ ಬೇರಿಂಗ್‌ಗೂ ವಾಲ್ವ್ ತೆರೆಯುವ ಸಮಯ ಹೊಂದಿಸುವ ಕ್ಯಾಮ್ ಫೇಸರ್‌ಗೂ ಆಯಿಲ್ ತಡವಾಗಿ ತಲುಪುತ್ತದೆ. ಜೊತೆಗೆ ದಪ್ಪ ಆಯಿಲ್ ತನ್ನ ಒಳಗಿನ ಘರ್ಷಣೆಯಿಂದಲೇ ಹೆಚ್ಚು ಕಾಯುತ್ತದೆ, ಗಳಿಸಿದ ಡಿಗ್ರಿಗಳಲ್ಲಿ ಒಂದಿಷ್ಟನ್ನು ತಾನೇ ತಿನ್ನುತ್ತದೆ. ಮೇಲಿನಿಂದ ಸುರಿಯುವ ಅಡಿಟಿವ್ ಬಾಟಲಿಗಳಿಗೂ ಇದೇ ಉತ್ತರ: ಬೇಡ.

ಆಯಿಲ್ ಹಾಳಾಗುವುದು ಟ್ರ್ಯಾಕ್‌ನಲ್ಲಲ್ಲ, ಊರಲ್ಲಿ

ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುತ್ತದೆ. ಎಂಜಿನ್ ತಣ್ಣಗಿರುವಾಗ ಅದರಲ್ಲಿ ಸ್ವಲ್ಪ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ ಸಂಪ್‌ಗೆ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಇಳಿಯುತ್ತದೆ. ನಾಲ್ಕು ಕಿ.ಮೀ. ಆಫೀಸು ಓಡಾಟದಲ್ಲಿ ಅದು ಆವಿಯಾಗಿ ಹೋಗುವಷ್ಟು ಆಯಿಲ್ ಕಾಯುವುದೇ ಇಲ್ಲ. ಪೆಟ್ರೋಲ್ ಬೆರೆತ 40 ಗ್ರೇಡ್ ಆಯಿಲ್ ಕೆಲಸ ಮಾಡುವುದು 30ರಂತೆ. ಹತ್ತು ಡಿಗ್ರಿಗೆ ಕೊಟ್ಟ ದುಡ್ಡು ಹೋಯಿತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುವ ಬದಲು ಏರುತ್ತಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಟ್ರ್ಯಾಕ್‌ಗೆ ಮೊದಲೇ ಬದಲಿಸಿ. ಬೆಂಗಳೂರಿನಿಂದ ಟ್ರ್ಯಾಕ್ ಬಳಿಯ ಶ್ರೀಪೆರಂಬುದೂರಿನವರೆಗಿನ ಸುಮಾರು 300 ಕಿ.ಮೀ. ಹೈವೇ ಓಟ ಈ ವಿಷಯದಲ್ಲಿ ಔಷಧಿ ಇದ್ದ ಹಾಗೆ, ಸಾಕಷ್ಟು ಪೆಟ್ರೋಲ್ ದಾರಿಯಲ್ಲೇ ಆವಿಯಾಗುತ್ತದೆ. ಕಾರನ್ನು ಟ್ರಕ್ ಮೇಲೆ ಹೇರಿ ಕಳಿಸುವವರಿಗೆ ಈ ಲಾಭ ಇಲ್ಲ.

ಎಲ್‌ಎಸ್‌ಪಿಐ ಎಂಬ ಹೆಸರಿನ ಅಕಾಲಿಕ ದಹನವೂ (ಕಡಿಮೆ ಆರ್‌ಪಿಎಂನಲ್ಲಿ ಸ್ಪಾರ್ಕ್‌ಗೆ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವುದು) ಊರಿನ ಕಾಯಿಲೆಯೇ. 1500–2000 ಆರ್‌ಪಿಎಂನಲ್ಲಿ ಮೇಲಿನ ಗೇರ್‌ನಲ್ಲೇ ಪೆಡಲ್ ಒತ್ತಿದಾಗ ಬರುತ್ತದೆ, ಪಿಸ್ಟನ್ ರಿಂಗ್ ಪಟ್ಟಿ ಮುರಿಯುವಷ್ಟು ಒತ್ತಡ ಹುಟ್ಟಿಸಬಲ್ಲದು. ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿರುವ ಆಯಿಲ್ ಇದಕ್ಕೆ ಇಂಬು ಕೊಡುತ್ತದೆ. 2020ರಲ್ಲಿ ಬಂದ, ಅಮೆರಿಕದ ಎಪಿಐ ಸಂಸ್ಥೆಯ ಎಸ್‌ಪಿ ದರ್ಜೆಯಲ್ಲಿ ಇದಕ್ಕೂ, ಟೈಮಿಂಗ್ ಚೈನ್ ಸವೆತಕ್ಕೂ ಪ್ರತ್ಯೇಕ ಪರೀಕ್ಷೆಗಳಿವೆ. 502 00 ಮತ್ತು ಎಸ್‌ಪಿ ಎರಡೂ ಇರುವ 5ಡಬ್ಲ್ಯೂ-40 ಸಿಕ್ಕರೆ ಅದನ್ನೇ ಆರಿಸಿ. ಗೇರ್ ಇಳಿಸಿ ಆಮೇಲೆ ಒತ್ತುವುದು ಇನ್ನೂ ಒಳ್ಳೆಯದು.

ಬದಲಿಸುವ ಕ್ರಮ

ಬೇಕಾದದ್ದು 6 ಲೀಟರ್ (ಎಂಜಿನ್ ಹಿಡಿಯುವುದು ಫಿಲ್ಟರ್ ಸೇರಿ ಸುಮಾರು 5.7), ಫಿಲ್ಟರ್, ಹೊಸ ಡ್ರೇನ್ ಪ್ಲಗ್, 32 ಎಂಎಂ ಸಾಕೆಟ್, ಟಾರ್ಕ್ ರೆಂಚ್. ಎಂಜಿನ್ ಬೆಚ್ಚಗಿರಲಿ, ಸುಡುವಷ್ಟು ಬೇಡ. ಫಿಲ್ಟರ್ ಎಂಜಿನ್ನಿನ ಮೇಲ್ಭಾಗದಲ್ಲೇ ಇದೆ. ಮೊದಲು ಅದರ ಮುಚ್ಚಳ ಸಡಿಲಿಸಿ ಕೆಲವು ನಿಮಿಷ ಬಿಟ್ಟರೆ ಅಲ್ಲಿನ ಆಯಿಲ್ ಕೆಳಗಿಳಿಯುತ್ತದೆ, ಎಂಜಿನ್ ಮೇಲೆ ಚೆಲ್ಲುವುದಿಲ್ಲ. ಆಮೇಲೆ ಅಡಿಯ ಕವರ್ ಬಿಚ್ಚಿ ಡ್ರೇನ್ ಮಾಡಿ. ಪ್ಲಾಸ್ಟಿಕ್ ಸಂಪ್ ಇದ್ದರೆ ಪ್ಲಗ್ ಕೂಡ ಪ್ಲಾಸ್ಟಿಕ್, ಕಾಲು ಸುತ್ತು ತಿರುಗಿಸಿದರೆ ಬರುತ್ತದೆ. ಅದನ್ನು ಮತ್ತೆ ಬಳಸಬೇಡಿ. ಟ್ರ್ಯಾಕ್ ಮೇಲೆ ಆಯಿಲ್ ಸೋರಿದರೆ ನಿಮ್ಮ ಸೆಷನ್ ಮಾತ್ರವಲ್ಲ, ಎಲ್ಲರ ಸೆಷನ್ನೂ ಹೋಗುತ್ತದೆ. ಫಿಲ್ಟರ್ ಮುಚ್ಚಳದ ಓ-ರಿಂಗ್ ಹೊಸದು ಹಾಕಿ, ಅದಕ್ಕೆ ಆಯಿಲ್ ಸವರಿ, 25 ನ್ಯೂಟನ್-ಮೀಟರ್‌ಗೆ ಬಿಗಿಯಿರಿ. ಅದಕ್ಕಿಂತ ಬಿಗಿದರೆ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಡುತ್ತದೆ.

ಒಮ್ಮೆಗೇ 5.7 ಸುರಿಯಬೇಡಿ. 5.2 ಹಾಕಿ, ಸ್ಟಾರ್ಟ್ ಮಾಡಿ, ನಿಲ್ಲಿಸಿ, ಸಮತಟ್ಟು ಜಾಗದಲ್ಲಿ ಐದು ನಿಮಿಷ ಕಾದು ಡಿಪ್‌ಸ್ಟಿಕ್ ನೋಡಿ, ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ಟ್ರ್ಯಾಕ್‌ಗೆ ಮಟ್ಟ ಮ್ಯಾಕ್ಸ್ ಗುರುತಿನಲ್ಲೇ ಇರಬೇಕು. ಕಡಿಮೆ ಇದ್ದರೆ ಉದ್ದದ ತಿರುವಿನಲ್ಲಿ ಆಯಿಲ್ ಸಂಪ್‌ನ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. "ಸೇಫ್ಟಿಗೆ ಅರ್ಧ ಲೀಟರ್ ಜಾಸ್ತಿ" ಅನ್ನುವುದೂ ತಪ್ಪು. ಕ್ರ್ಯಾಂಕ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ, ಪಿಸಿವಿ (ಎಂಜಿನ್ನಿನೊಳಗಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್) ಮೂಲಕ ಆಯಿಲ್ ಇನ್‌ಟೇಕ್ ಸೇರಿ ವಾಲ್ವ್‌ಗಳ ಮೇಲೆ ಮಸಿಯಾಗಿ ಕೂರುತ್ತದೆ.

ಟ್ರ್ಯಾಕ್‌ನಲ್ಲಿ: ಆಯಿಲ್ 80 ದಾಟುವವರೆಗೆ ಒತ್ತಬೇಡಿ. ಕೂಲಂಟ್ 90 ತೋರಿಸಿದ ಮಾತ್ರಕ್ಕೆ ಆಯಿಲ್ ಕಾದಿದೆ ಅಂತಲ್ಲ. 130 ಕಂಡರೆ ಒಂದು ಲ್ಯಾಪ್ ಮೇಲಿನ ಗೇರ್‌ನಲ್ಲಿ ಆರಾಮಾಗಿ ಹೋಗಿ. 140 ಕಂಡರೆ ಒಳಗೆ ಬನ್ನಿ. ಕೊನೆಯ ಲ್ಯಾಪ್ ಯಾವತ್ತೂ ತಣಿಸುವ ಲ್ಯಾಪ್ ಆಗಿರಲಿ, ಪಿಟ್‌ಗೆ ಬಂದ ಮೇಲೂ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಕೆಂಪಗೆ ಕಾದ ಟರ್ಬೊವನ್ನು ತಟ್ಟನೆ ನಿಲ್ಲಿಸಿದರೆ ಅದರ ಬೇರಿಂಗ್‌ನಲ್ಲಿ ನಿಂತ ಆಯಿಲ್ ಸೀದು ಇಂಗಾಲದ ಹಕ್ಕಳೆಯಾಗುತ್ತದೆ. ಆಫ್ ಮಾಡಿದ ಮೇಲೂ ಓಡುವ ಕೂಲಂಟ್ ಪಂಪ್ ಇದೆ, ನಿಜ. ಅದು ಸಹಾಯಕ್ಕೆ, ಸೋಮಾರಿತನಕ್ಕಲ್ಲ. ಪ್ರತೀ ಸೆಷನ್ ನಂತರ ಡಿಪ್‌ಸ್ಟಿಕ್ ನೋಡಿ. ಅದೇ ಆಯಿಲಿನ ಒಂದು ಲೀಟರ್ ಡಿಕ್ಕಿಯಲ್ಲಿರಲಿ, ಆದರೆ ಓಡುವಾಗ ಸಡಿಲ ಡಬ್ಬ ಕಾರಿನೊಳಗೆ ಬೇಡ, ಪ್ಯಾಡಾಕ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬಿಟ್ಟು ಹೋಗಿ.

ಬದಲಾವಣೆಯ ಅಂತರ: ಕಂಪನಿ ಹೇಳುವ 15,000 ಕಿ.ಮೀ. ಟ್ರ್ಯಾಕ್ ಕಾರಿಗೆ ಅನ್ವಯಿಸುವುದಿಲ್ಲ. 5ಡಬ್ಲ್ಯೂ-40ಯಲ್ಲಿ 5,000 ಕಿ.ಮೀ. ಅಥವಾ ಎರಡು ಟ್ರ್ಯಾಕ್ ದಿನ, ಯಾವುದು ಮೊದಲೋ ಅದು. ಬಣ್ಣ ಕಪ್ಪಾಗಿದೆಯೇ ಎಂದು ನೋಡಿ ನಿರ್ಧರಿಸಬೇಡಿ, ಒಳ್ಳೆಯ ಡಿಟರ್ಜೆಂಟ್ ಇರುವ ಆಯಿಲ್ ಬೇಗ ಕಪ್ಪಾಗುತ್ತದೆ. ಸಂಶಯವಿದ್ದರೆ ಡ್ರೇನ್ ಆಗುವಾಗ ನಡುಧಾರೆಯಲ್ಲಿ 100 ಎಂಎಲ್ ಹಿಡಿದು ಲ್ಯಾಬ್‌ಗೆ ಕಳಿಸಿ. ವರದಿಯಲ್ಲಿ 100 ಡಿಗ್ರಿಯ ಸ್ನಿಗ್ಧತೆ 12.5ಕ್ಕಿಂತ ಕೆಳಗಿದ್ದರೆ ಆ ಆಯಿಲ್ 40 ಗ್ರೇಡಾಗಿ ಉಳಿದಿಲ್ಲ. ಪೆಟ್ರೋಲ್ ಶೇ. 2 ದಾಟಿದ್ದರೆ ಅಂತರ ಇನ್ನೂ ತಗ್ಗಿಸಿ. ಕಬ್ಬಿಣ, ತಾಮ್ರದ ಅಂಕಿಗಳನ್ನು ಒಂದೇ ವರದಿಯಿಂದ ಅಳೆಯಬೇಡಿ, ಎರಡು ಮೂರು ಬದಲಾವಣೆಗಳಲ್ಲಿ ಏರುತ್ತಿವೆಯೇ ನೋಡಿ.

ಕೊಳ್ಳುವಾಗ: ಜೆ.ಸಿ. ರಸ್ತೆಯಾಗಲಿ ಆನ್‌ಲೈನ್ ಆಗಲಿ, ಜಿಎಸ್‌ಟಿ ಬಿಲ್ ಇಲ್ಲದ ಕ್ಯಾನ್ ಬೇಡ. ಸೀಲ್ ಉಂಗುರ ಮುಚ್ಚಳದಿಂದ ಬಿಟ್ಟಿರಬಾರದು, ಬ್ಯಾಚ್ ಸಂಖ್ಯೆ ಉಜ್ಜಿದರೆ ಅಳಿಸಬಾರದು. ಸರ್ವಿಸ್ ಸೆಂಟರಿನಲ್ಲಿ ಡ್ರಮ್ಮಿನಿಂದ ಹಾಕುತ್ತೇವೆ ಅಂದರೆ ಸ್ವಂತ ಕ್ಯಾನ್ ಒಯ್ದು ಕಣ್ಣೆದುರೇ ಸುರಿಸಿಕೊಳ್ಳಿ. ಖಾಲಿ ಕ್ಯಾನಿನ ಮೇಲ್ಭಾಗ ಕತ್ತರಿಸಿಯೇ ಗುಜರಿಗೆ ಹಾಕಿ. ನಕಲಿ ಆಯಿಲ್ ತುಂಬುವವರು ಹುಡುಕುವುದು ಹಾಳಾಗದ ಅಸಲಿ ಕ್ಯಾನುಗಳನ್ನೇ.