ಆಫ್ರಿಕನ್ ಸಿಕ್ಲಿಡ್: ಬೆರಕೆ ಟ್ಯಾಂಕೋ, ಪೀಕಾಕ್ ಗಂಡುಗಳೋ, ಬರೀ ಎಂಬೂನಾನೋ?

ಆಫ್ರಿಕಾದ ಸರೋವರಗಳ ಸಿಕ್ಲಿಡ್ ಎಂಬ ಬಣ್ಣದ ಮೀನುಗಳನ್ನು ಮೂರು ಬಗೆಯಲ್ಲಿ ಸಾಕಿ ನೋಡಿದವನು ನಾನು. ನನ್ನ ಮನೆಯಲ್ಲಿ ಈಗ ಉಳಿದಿರುವುದು ಅವುಗಳಲ್ಲೇ ಎಂಬೂನಾ ಎಂಬ ಗುಂಪಿನ ಟ್ಯಾಂಕ್. ಯೆಲ್ಲೋ ಲ್ಯಾಬ್, ಏಸಿ, ಸೊಕೊಲೋಫಿ ಎಂಬ ಮೂರೇ ಜಾತಿ, ಒಟ್ಟು 22 ಮೀನು. ಟ್ಯಾಂಕ್ ನಾಲ್ಕಡಿ ಉದ್ದ, ಸುಮಾರು 340 ಲೀಟರ್. ಇದೇ ಗಾಜಿನೊಳಗೆ ಮೊದಲು ಬೆರಕೆ ಮೀನು ಸಾಕಿದೆ, ಆಮೇಲೆ ಪೀಕಾಕ್ ಎಂಬ ಇನ್ನೊಂದು ಗುಂಪಿನ ಗಂಡುಗಳನ್ನು ಸಾಕಿದೆ. ಫಿಲ್ಟರ್ ಬದಲಾಗಲಿಲ್ಲ, ಬೋರ್‌ವೆಲ್ ನೀರೂ ಬದಲಾಗಲಿಲ್ಲ. ಯಾರಾದರೂ ಕೇಳಿದರೆ ಯೋಚನೆ ಮಾಡದೆ ಎಂಬೂನಾ ಅಂತಲೇ ಹೇಳುತ್ತೇನೆ.

ಬೆರಕೆ ಟ್ಯಾಂಕ್ ಶುರುವಾಗಿದ್ದು ಅಂಗಡಿಯವರು 'ಅಸಾರ್ಟೆಡ್ ಆಫ್ರಿಕನ್' ಎಂದು ಕಟ್ಟಿಕೊಟ್ಟ 20 ಮರಿಗಳಿಂದ. ಒಂದೂವರೆ ಇಂಚಿನ ಮರಿಗಳು, ನೀಲಿ, ಹಳದಿ, ಪಟ್ಟೆ, ಬೂದು ಎಲ್ಲವೂ ಇದ್ದವು. ಆದರೆ 'ಆಫ್ರಿಕನ್' ಎನ್ನುವುದು ಅಂಗಡಿಯ ಮಾತು, ಮೀನಿಗೆ ಅದರ ಅರಿವಿಲ್ಲ. ಮಲಾವಿ ಸರೋವರದ ಎಂಬೂನಾಗಳು ಬಂಡೆಯ ಸಂದಿಯಲ್ಲೇ ಬದುಕುವಂಥವು. ದಡದ ಟೋಂಗಾ ಜನರ ಮಾತಿನಲ್ಲಿ ಆ ಹೆಸರಿಗೆ ಬಂಡೆ ಮೀನು ಎಂದೇ ಅರ್ಥ. ಅದೇ ಸರೋವರದ ಪೀಕಾಕ್‌ಗಳು ಮರಳಿನಲ್ಲಿ ಅಡಗಿದ ಸಣ್ಣ ಹುಳುಗಳನ್ನು ಹುಡುಕಿ ತಿನ್ನುವ ಸಾಧು ಮೀನುಗಳು. ನನ್ನ ಪೊಟ್ಟಣದಲ್ಲಿ ಇವೆರಡರ ಜೊತೆಗೆ ಟ್ಯಾಂಗನ್ಯಿಕಾ ಸರೋವರದ ಎರಡು ಬ್ರಿಚಾರ್ಡಿ ಕೂಡ ಇದ್ದವು.

ನಾಲ್ಕು ತಿಂಗಳು ಏನೂ ತೊಂದರೆ ಆಗಲಿಲ್ಲ. ಆಮೇಲೆ ನೀಲಿ ಮರಿಯೊಂದು ನಿಧಾನವಾಗಿ ಹಳದಿಗೆ ತಿರುಗಿತು. ಅದು ಕೆನ್ಯಿ. ಆ ಜಾತಿಯಲ್ಲಿ ಮರಿಗಳೆಲ್ಲ ನೀಲಿ, ಹೆಣ್ಣು ಕೊನೆಯವರೆಗೂ ನೀಲಿ, ಗಂಡು ಮಾತ್ರ ಬೆಳೆಯುತ್ತಾ ಹಳದಿಯಾಗುತ್ತದೆ. ಎಡಗಡೆಯ ಕಲ್ಲಿನ ರಾಶಿ ಮೊದಲು ಅದರದಾಯಿತು, ಆಮೇಲೆ ಅರ್ಧ ಟ್ಯಾಂಕ್, ಕೊನೆಗೆ ಪೂರ್ತಿ. ಪೀಕಾಕ್‌ಗಳು ಬಾಲದ ರೆಕ್ಕೆ ಹರಿಸಿಕೊಂಡು ಹೀಟರ್ ಹಿಂದೆ ನಿಂತವು. ಎರಡೂ ಬ್ರಿಚಾರ್ಡಿ ಒಂದೇ ವಾರದಲ್ಲಿ ಸತ್ತವು.

ಕೆನ್ಯಿ ಜಗಳಗಂಟ ಎಂದು ಎಲ್ಲರೂ ಎಚ್ಚರಿಸುತ್ತಾರೆ. ಅದನ್ನು ಹೊರಗೆ ತೆಗೆಯುವುದು ಎಷ್ಟು ಕಷ್ಟ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಬಂಡೆ ಮೀನಿಗೆ ಬಂಡೆ ಬೇಕು ಎಂದು ಕಲ್ಲು ಕಡಿಯುವವರ ಹತ್ತಿರದಿಂದ ಗ್ರಾನೈಟ್ ಚೂರು ತಂದು, ತೊಳೆದು, ಸುಮಾರು 30 ಕೆಜಿ ಪೇರಿಸಿದ್ದೆ. ಬಲೆ ನೀರಿಗೆ ಇಳಿಯುವ ಮೊದಲೇ ಅದು ಸಂದಿಯೊಳಗೆ ಮಾಯ. ರಾತ್ರಿ ಲೈಟ್ ಆರಿಸಿ, ಎರಡು ಗಂಟೆ ಬಿಟ್ಟು ಟಾರ್ಚ್ ಹಿಡಿದು ಹೋದೆ, ಸಿಗಲಿಲ್ಲ. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಸಿಕ್ಕಿಸಿ, ಒಳಗೆ ತಿಂಡಿ ಹಾಕಿ ಬೋನು ಮಾಡಿದೆ. ಯೆಲ್ಲೋ ಲ್ಯಾಬ್‌ಗಳು ಸಾಲಾಗಿ ಒಳಗೆ ಬಂದವು, ಕೆನ್ಯಿ ಬಾಗಿಲಲ್ಲೇ ನಿಂತು ಹೊರಬರುವವರನ್ನು ಅಟ್ಟಿಸಿತು.

ಕೊನೆಗೆ ಒಂದು ಭಾನುವಾರ ಕಾಲು ಭಾಗ ನೀರು ಉಳಿಸಿ, ಒಂದೊಂದೇ ಕಲ್ಲು ಎತ್ತಿ ಬಕೆಟ್‌ಗೆ ಹಾಕಿದೆ. ಕೊನೆಯ ಎರಡು ಕಲ್ಲು ಉಳಿದಾಗ ಸಿಕ್ಕಿತು. ಮೂರು ಗಂಟೆ ಹಿಡಿಯಿತು. ಕಲ್ಲು ಮತ್ತೆ ಪೇರಿಸಿದ್ದೇ ತಡ, ಯಾರ ಜಾಗ ಯಾವುದು ಎಂದು ಎಲ್ಲರಿಗೂ ಹೊಸದಾಗಿ ಹೊಡೆದಾಟ. ಕೆನ್ಯಿ ಬಿಟ್ಟುಹೋದ ಯಜಮಾನಿಕೆಗೆ ಆರೇಟಸ್ ಎಂಬ ಇನ್ನೊಂದು ಎಂಬೂನಾ ಗಂಡು ಬಂದು ಕೂತಿತು. ಅದಕ್ಕಾಗಿ ಎರಡು ತಿಂಗಳಲ್ಲಿ ಮತ್ತೊಮ್ಮೆ ಎಲ್ಲ ಕಲ್ಲು ತೆಗೆದೆ. ಎರಡನೆಯ ಸಲ ಎದ್ದ ಕೊಳೆಗೆ ಫಿಲ್ಟರ್ ಕಟ್ಟಿಕೊಂಡು ಅಮೋನಿಯಾ ಏರಿತು. ನಮ್ಮ ನೀರಿನ ಪಿಎಚ್ 8ರ ಹತ್ತಿರ. ಪಿಎಚ್ ಹೆಚ್ಚಿದಷ್ಟೂ ಅಮೋನಿಯಾದ ವಿಷ ಹೆಚ್ಚು. ಮೂರು ಮೀನು ಹೋದವು, ಅವುಗಳಲ್ಲಿ ಎರಡು ಆ ಜಗಳಕ್ಕೆ ಸಂಬಂಧವೇ ಇಲ್ಲದ ಪೀಕಾಕ್‌ಗಳು. ಆ ನೋವು ಇನ್ನೂ ಇದೆ.

ಊಟದ ವಿಷಯಕ್ಕೂ ಬೆರಕೆ ಹೊಂದುವುದಿಲ್ಲ. ಹೆಚ್ಚಿನ ಎಂಬೂನಾಗಳು ಬಂಡೆಯ ಪಾಚಿಯನ್ನು ಕೆರೆದು ತಿನ್ನುವಂಥವು, ಕರುಳು ಉದ್ದ. ಅವಕ್ಕೆ ಸ್ಪಿರುಲಿನಾ ಎಂಬ ನೀಲಿಹಸಿರು ಪಾಚಿ ಇರುವ ತಿಂಡಿ ಸಾಕು. ಪೀಕಾಕ್‌ಗೆಂದು ಬ್ಲಡ್‌ವರ್ಮ್ ಎಂಬ ಕೆಂಪು ಹುಳು ಹಾಕಿದರೆ ಅದನ್ನೂ ಎಂಬೂನಾಗಳೇ ಮೊದಲು ನುಂಗಿ ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ.

ಎರಡನೆಯ ಪ್ರಯತ್ನ ಪೀಕಾಕ್ ಗಂಡುಗಳದ್ದು. ಹೆಣ್ಣೇ ಇಲ್ಲ, ಒಂದು ಬಣ್ಣಕ್ಕೆ ಒಂದೇ ಮೀನು, ಜೊತೆಗೊಂದು ಎಲೆಕ್ಟ್ರಿಕ್ ಬ್ಲೂ ಎಂಬ ನೀಲಿ ಸಿಕ್ಲಿಡ್. ಅಂದಕ್ಕೆ ಈ ಟ್ಯಾಂಕಿನ ಮುಂದೆ ಯಾವುದೂ ನಿಲ್ಲದು, ಇದನ್ನು ಮನಸಾರೆ ಒಪ್ಪುತ್ತೇನೆ. ಕಲ್ಲು ಕಡಿಮೆ, ಹಾಗಾಗಿ ಹಿಡಿಯುವುದೂ ಸುಲಭ. ಆದರೆ ಮರಿಯಲ್ಲಿ ಗಂಡು ಹೆಣ್ಣು ಎರಡೂ ಬೂದು. ಗಂಡೇ ಬೇಕೆಂದರೆ ಬಣ್ಣ ಬಂದ ದೊಡ್ಡ ಮೀನನ್ನೇ ಕೊಳ್ಳಬೇಕು. ನಾನು ಒಂದೊಂದಕ್ಕೆ 700 ರೂಪಾಯಿ ಕೊಟ್ಟೆ. ಹತ್ತು ಮೀನಿಗೆ 7,000 ಆಯಿತು. ಈಗಿನ 22 ಎಂಬೂನಾ ಮರಿಗಳಿಗೆ ಸೇರಿ ಕೊಟ್ಟಿದ್ದು 1,800. ಇನ್ನೊಂದು ಬೇಸರ, ಜೋರಿನ ಮೀನಿನ ಎದುರು ಅಳುಕುವ ಗಂಡು ಬಣ್ಣವನ್ನೇ ಬಿಟ್ಟುಕೊಡುತ್ತದೆ. ಕೆಂಪು ಎಂದು ತಂದ ಎರಡು ಮೀನು ತಿಂಗಳೊಳಗೆ ಬೂದಾದವು. ಚುಕ್ಕೆ ಚುಕ್ಕೆಯ ಓಬಿ ಪೀಕಾಕ್‌ಗಳಂತೂ ಎಂಬೂನಾ ರಕ್ತ ಬೆರೆಸಿ ಮನುಷ್ಯರು ಮಾಡಿದ ತಳಿ, ಅವು ಯಾವ ಸರೋವರದವೂ ಅಲ್ಲ. ಮರಿಯಾಗದ ಟ್ಯಾಂಕ್ ನನಗೆ ಒಗ್ಗಲಿಲ್ಲ.

ಟ್ಯಾಂಗನ್ಯಿಕಾ ಮೀನು ಇಷ್ಟವಿದ್ದವರು ಎರಡಡಿಯ ಬೇರೆ ಟ್ಯಾಂಕ್ ಇಡಿ. ಗದ್ದೆ ಬಸವನಹುಳುವಿನ ಖಾಲಿ ಚಿಪ್ಪು ಕುದಿಸಿ ಹಾಕಿದರೆ ಚಿಪ್ಪಿನೊಳಗೆ ಸಂಸಾರ ಮಾಡುವ ಮಲ್ಟಿ ಎಂಬ ಪುಟ್ಟ ಮೀನುಗಳಿಗೆ ಅದೇ ಮನೆ.

ನೀರಿನ ಚಿಂತೆ ಮೂರರಲ್ಲೂ ಇರಲಿಲ್ಲ. ಬೇಳೆ ಬೇಯುವುದಿಲ್ಲ ಎಂದು ನಮ್ಮ ಬೆಂಗಳೂರಿನ ಕಟ್ಟಡದವರೆಲ್ಲ ಬೈಯುವ ಗಡಸು ಬೋರ್‌ವೆಲ್ ನೀರು ಈ ಮೀನುಗಳಿಗೆ ಹೇಳಿ ಮಾಡಿಸಿದಂತಿದೆ.

ಈಗಿನ ಮೂರು ಜಾತಿಗಳನ್ನು ಆರಿಸಿದ್ದು ಸ್ವಭಾವ ನೋಡಿ. ಲ್ಯಾಬ್ ಮತ್ತು ಏಸಿ ಎಂಬೂನಾಗಳಲ್ಲೇ ಸಾಧು, ಸೊಕೊಲೋಫಿ ಸ್ವಲ್ಪ ಜೋರು. ಏಸಿ ಕಲ್ಲು ಬಿಟ್ಟು ಮೇಲೆ ಗುಂಪಾಗಿ ಈಜುವುದರಿಂದ ಜಾಗದ ಜಗಳವೇ ಕಡಿಮೆ. ರೆಡ್ ಜೀಬ್ರಾ ಎಂಬ ಎಂಬೂನಾದ ಮೇಲೆ ಆಸೆಯಾದರೂ ತರಲಿಲ್ಲ, ಅದು ಲ್ಯಾಬ್ ಜೊತೆ ಸುಲಭವಾಗಿ ಕೂಡಿ ಕಲಬೆರಕೆ ಮರಿ ಮಾಡುತ್ತದೆ. ಒಂದು ಗಂಡಿಗೆ ಮೂರು ಹೆಣ್ಣಿನ ಲೆಕ್ಕ ಇಟ್ಟಿದ್ದೇನೆ. ಸ್ವಲ್ಪ ಕಿಕ್ಕಿರಿದೇ ಇರಬೇಕು, ಆಗ ಒಂದೇ ಮೀನನ್ನು ಗುರಿ ಮಾಡಿ ಅಟ್ಟಲು ಯಾರಿಗೂ ಆಗುವುದಿಲ್ಲ. ಅದಕ್ಕೆ ತಕ್ಕಂತೆ ಪ್ರತಿ ಬುಧವಾರ ರಾತ್ರಿ ಶೇಕಡ 40ರಷ್ಟು ನೀರು ಬದಲಿಸುತ್ತೇನೆ.

ತಿಂಗಳಿಗೆರಡು ವಾರಾಂತ್ಯ ನಾನು ಹಾಸನದ ಊರಿಗೆ ಹೋಗುವವನು. ಎರಡು ದಿನ ತಿಂಡಿ ಇಲ್ಲದಿದ್ದರೂ ಇವು ಕಲ್ಲಿನ ಪಾಚಿ ಕೆರೆಯುತ್ತಾ ಆರಾಮಾಗಿರುತ್ತವೆ. ಹೆಣ್ಣು ಲ್ಯಾಬ್ ಮೊಟ್ಟೆ ಬಾಯಲ್ಲಿಟ್ಟುಕೊಂಡು ಮೂರು ವಾರ ಹೆಚ್ಚೂಕಡಿಮೆ ಉಪವಾಸ ಇರುವುದನ್ನು ಮೊದಲ ಸಲ ಗುರುತಿಸಿದ್ದು ನನ್ನ ಮಗಳು, ಗದ್ದ ಉಬ್ಬಿದೆಯಲ್ಲಪ್ಪಾ ಎಂದು. ಆ ಸಂತೋಷ ಪೀಕಾಕ್ ಟ್ಯಾಂಕಿನಲ್ಲಿ ಸಿಕ್ಕಿರಲಿಲ್ಲ.

ಕಲ್ಲಿನ ಲೆಕ್ಕ ಮಾತ್ರ ಬದಲಿಸಿದ್ದೇನೆ. ನಲವತ್ತು ಚೂರುಗಳ ರಾಶಿಯ ಬದಲು ಈಗ ಒಂಬತ್ತೇ ದೊಡ್ಡ ಕಲ್ಲು. ಮೀನು ಅಡಿಯ ಮರಳು ತೋಡಿದರೂ ಉರುಳದಂತೆ ಮೊದಲು ತಳದಲ್ಲಿ ತೆಳು ಫೋಮ್ ಹಾಸಿ, ಅದರ ಮೇಲೆ ಕಲ್ಲು ಕೂರಿಸಿ, ಆಮೇಲೆ ಮರಳು ಸುರಿದೆ. ಯಾವ ಮೀನನ್ನಾದರೂ ಹಿಡಿಯಬೇಕಾದರೆ ಹತ್ತು ನಿಮಿಷ ಸಾಕು.