ಡೀಸೆಲ್, ಬ್ಯಾಟರಿ, ಬಿಸಿಲು: ಕುಟುಂಬಕ್ಕೊಂದು ಹೈಬ್ರಿಡ್ ಮೋಟರ್ ಯಾಟ್

ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮ ಕುಟುಂಬವೂ ಬಳ್ಳಾರಿಯ ಭಾವನವರೂ ಪಾಲುದಾರಿಕೆಯಲ್ಲಿ ಕೊಂಡು, ಗೋವಾದ ಮಾಂಡವಿ ನದಿಯ ಜೆಟ್ಟಿಯಲ್ಲಿ ಇರಿಸಿರುವ ಸಣ್ಣ ಹೈಬ್ರಿಡ್ ಮೋಟರ್ ಯಾಟ್ (ಡೀಸೆಲ್‌ನಿಂದಲೂ ಬ್ಯಾಟರಿಯಿಂದಲೂ ಓಡುವ ವಿಹಾರದ ದೋಣಿ) ಕುರಿತ ವಿಮರ್ಶೆ ಇದು. ಉದ್ದ ಹತ್ತು ಮೀಟರಿಗೆ ತುಸು ಕಡಿಮೆ. ಎರಡು ಮಲಗುವ ಕೋಣೆ, ಒಂದು ಶೌಚಾಲಯ, ಅಡುಗೆಗೊಂದು ಮೂಲೆ, ಚಾವಣಿಯ ತುಂಬ ಸೌರ ಫಲಕ. ಸ್ಲೊವೇನಿಯಾದ ಗ್ರೀನ್‌ಲೈನ್ 33 ಎಂಬ ಮಾದರಿ ಜನಪ್ರಿಯಗೊಳಿಸಿದ ಬಗೆಯ ದೋಣಿಯೇ ಇದಾದರೂ ತಯಾರಕರು ಬೇರೆ.

ಹೈಬ್ರಿಡ್ ಎಂದೊಡನೆ ಡೀಸೆಲ್ ಉಳಿಯುತ್ತದೆ ಎಂದು ಮಾರಾಟಗಾರರು ಹೇಳುವ ಮಾತನ್ನು ಅರ್ಧದಷ್ಟೇ ನಂಬಬೇಕು. ಪ್ರೊಪೆಲ್ಲರ್ ತಿರುಗಿಸುವ ಒಂದೇ ಶಾಫ್ಟಿಗೆ ಡೀಸೆಲ್ ಎಂಜಿನ್ನನ್ನೂ ವಿದ್ಯುತ್ ಮೋಟರನ್ನೂ ಜೋಡಿಸಿರುವುದರಿಂದ ಯಾವುದು ಬೇಕೋ ಅದರಿಂದ ದೋಣಿಯನ್ನು ನಡೆಸಬಹುದು. ಎಂಜಿನ್ ಓಡುವಾಗ ಅದೇ ಮೋಟರ್ ಜನರೇಟರ್ ಆಗಿ ಬ್ಯಾಟರಿಯನ್ನು ತುಂಬುತ್ತದೆ. ಆದರೆ ನೀರಿನಲ್ಲಿ ವೇಗವನ್ನು ಎರಡು ಪಟ್ಟು ಮಾಡಲು ಹೆಚ್ಚುಕಡಿಮೆ ಎಂಟು ಪಟ್ಟು ಶಕ್ತಿ ಬೇಕು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ (ಕಿಲೋವಾಟ್-ಗಂಟೆ) ಶಕ್ತಿ ಅಡಗಿದ್ದು, ಎಂಜಿನ್ ಅದರಲ್ಲಿ ಮೂರನೆಯ ಒಂದು ಭಾಗವನ್ನಷ್ಟೇ ಕೆಲಸಕ್ಕೆ ಕೊಟ್ಟರೂ, ನಮ್ಮ 11 ಯೂನಿಟ್‌ನ ಬ್ಯಾಟರಿ ಮೂರು-ನಾಲ್ಕು ಲೀಟರಿಗಿಂತ ಹೆಚ್ಚಿಗೆ ಬಾಳುವುದಿಲ್ಲ. ಆದ್ದರಿಂದ ಸಮುದ್ರದ ಕಡೆ ವೇಗವಾಗಿ ಹೋಗುವವರಿಗೆ ಇದು ಭಾರ ಹೆಚ್ಚಿದ ಡೀಸೆಲ್ ದೋಣಿಯಷ್ಟೇ. ದಿವಾಡಿ, ಚೋಡಣ ದ್ವೀಪಗಳ ಸುತ್ತ, ಮಾಂಡವಿ ಮತ್ತು ಜುವಾರಿ ನದಿಗಳನ್ನು ಕೂಡಿಸುವ ಕುಂಭಾರ್ಜುವಾ ಕಾಲುವೆಯಲ್ಲಿ, ಗಂಟೆಗೆ ಏಳು ಕಿ.ಮೀ. ವೇಗದಲ್ಲಿ ಮೋಟರಿನ ಮೇಲೆ ಸಾಗುವಾಗ ಮಾತ್ರ ಕೊಟ್ಟ ಹಣಕ್ಕೆ ಅರ್ಥ ಬರುತ್ತದೆ: ಹೊಗೆಯಿಲ್ಲ, ಅದುರುವಿಕೆಯಿಲ್ಲ, ಅಜ್ಜಿ ಮೆಲುದನಿಯಲ್ಲಿ ಆಡಿದ ಮಾತೂ ಕೇಳಿಸುತ್ತದೆ, ದಡದ ಕೆಸರಿನಲ್ಲಿ ಮಲಗಿದ ಮೊಸಳೆಯೂ ಕದಲುವುದಿಲ್ಲ.

ಸಜ್ಜುಗೊಳಿಸುವಾಗ ಅತಿ ಹೆಚ್ಚು ವಿಚಾರ ಮಾಡಬೇಕಾದದ್ದು ಸೋಫಾ, ಪರದೆಗಳ ಬಗ್ಗೆ ಅಲ್ಲ, ಕರೆಂಟಿನ ಲೆಕ್ಕದ ಬಗ್ಗೆ. ಒಂದು ಟನ್ನಿನ ಎಸಿ ಸುಮಾರು ಒಂದು ಕಿಲೋವಾಟ್ ಎಳೆಯುತ್ತದೆ. ಕಂಪ್ರೆಸರ್ ನಡುನಡುವೆ ನಿಂತರೂ ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿಯ ಅರ್ಧ ಮುಗಿದಿರುತ್ತದೆ. 1.2 ಕಿಲೋವಾಟ್ ಫಲಕಗಳು ಒಳ್ಳೆಯ ಬಿಸಿಲಿನ ದಿನದಲ್ಲಿ ಐದು ಯೂನಿಟ್ ಕೊಟ್ಟರೆ ಹೆಚ್ಚು. ಬಿಸಿಲಿನ ಕಾವು ಏರಿದಷ್ಟೂ ಕರೆಂಟ್ ಹೆಚ್ಚುತ್ತದೆ ಎಂದು ನಮ್ಮ ಕಡೆಯವರು ತಿಳಿದಿದ್ದಾರೆ. ಫಲಕ ಕಾದಷ್ಟೂ ಅದರ ಉತ್ಪಾದನೆ ಇಳಿಯುತ್ತದೆ ಎಂಬುದೇ ನಿಜ. ಸಂಜೆ ಮೋಟರಿನ ಮೇಲೆ ಸುತ್ತಾಡಿ, ರಾತ್ರಿ ಲಂಗರು ಹಾಕಿ ಎಸಿಯಲ್ಲಿ ಮಲಗುವುದು ಎರಡೂ ಒಂದೇ ಬ್ಯಾಟರಿಯಿಂದ ಆಗದು. ಒಳಗಿನ ಕೆಲಸ ವಹಿಸಿಕೊಂಡವರು ಎಸಿಯನ್ನು 12 ವೋಲ್ಟ್ ಇನ್ವರ್ಟರಿಗೆ ಜೋಡಿಸಿಕೊಟ್ಟಿದ್ದರು. ಹಾಗೆ ಮಾಡಿದರೆ ತಂತಿಯಲ್ಲಿ ನೂರು ಆಂಪಿಯರ್ ಹತ್ತಿರ ಹರಿಯುತ್ತದೆ. ತಂತಿ ಬಿಸಿಯಾಗಿ ವಾಸನೆ ಬರತೊಡಗಿದಾಗ ನಮ್ಮ ಗಿರಣಿಯ ಎಲೆಕ್ಟ್ರಿಷಿಯನ್ನನ್ನೇ ಕರೆದೊಯ್ದು, ಅಷ್ಟು ಆಂಪಿಯರ್ ಹರಿಯದಂತೆ ಎಲ್ಲವನ್ನೂ 48 ವೋಲ್ಟಿಗೆ ಬದಲಿಸಿಕೊಂಡೆವು. ದೋಣಿ ಸಜ್ಜುಗೊಳಿಸುವವರಲ್ಲಿ ಬಡಗಿಗಳು ಒಳ್ಳೆಯವರು ಸಿಗುತ್ತಾರೆ, ವೈರಿಂಗ್ ಬಲ್ಲವರು ಅಪರೂಪ.

ಅಡುಗೆಗೆ ಗ್ಯಾಸ್ ಸಿಲಿಂಡರ್ ಇಡಲಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಮಡುಗಟ್ಟಿ ನಿಂತು ಒಂದು ಕಿಡಿಗಾಗಿ ಕಾಯುತ್ತದೆ. ಇಂಡಕ್ಷನ್ ಒಲೆ ಅನ್ನ, ಸಾರು, ಚಹಾಕ್ಕೆ ಸಾಕು. ಜೋಳದ ರೊಟ್ಟಿ ಮಾತ್ರ ಬೆಂಕಿಯಿಲ್ಲದೆ ಉಬ್ಬುವುದಿಲ್ಲ, ಆದ್ದರಿಂದ ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗಳನ್ನು ಮನೆಯಿಂದಲೇ ಡಬ್ಬಿ ತುಂಬಿಸಿಕೊಂಡು ಹೋಗುತ್ತೇವೆ. ಫ್ರಿಜ್ಜಿನ ಹೊರೆಯೂ ಅಷ್ಟು ಇಳಿಯುತ್ತದೆ. ಮಕ್ಕಳಿರುವವರು ಅಂಚಿನ ಕಂಬಿಗಳಿಗೆ ಬಲೆ ಕಟ್ಟಿಸಬೇಕು, ಲೈಫ್ ಜಾಕೆಟ್ಟನ್ನು ವಯಸ್ಸಿಗಲ್ಲ, ತೂಕಕ್ಕೆ ಹೊಂದುವಂತೆ ಕೊಳ್ಳಬೇಕು. ಹಿಂಬದಿಗೆ ದಪ್ಪ ಕ್ಯಾನ್ವಾಸಿನ ನೆರಳು ಮಾಡಿಸಿದ್ದು ನಾವು ಮಾಡಿದ ಖರ್ಚಿನಲ್ಲೆಲ್ಲ ಅಗ್ಗದ್ದು ಮತ್ತು ಉತ್ತಮವಾದದ್ದು.

ನಿರ್ವಹಣೆ ಬೇಸರ ತರಿಸುವಂಥದು. ಉಪ್ಪುನೀರಿನಲ್ಲಿ ಪ್ರೊಪೆಲ್ಲರ್ ಮತ್ತು ಶಾಫ್ಟ್ ಸವೆಯದಂತೆ ಅವುಗಳ ಬದಲಿಗೆ ಕರಗುವ ಸತುವಿನ ಗಟ್ಟಿಗಳನ್ನು ಆಗಾಗ ಬದಲಿಸಬೇಕು, ತಳಕ್ಕೆ ಅಂಟುವ ಚಿಪ್ಪುಗಳನ್ನು ಕೆರೆಯಿಸಿ ಬಣ್ಣ ಬಳಿಸಬೇಕು, ಮಳೆಗಾಲಕ್ಕೆ ದಡಕ್ಕೆ ಎತ್ತಿಸುವ ಮುನ್ನ ಡೀಸೆಲ್ ಟ್ಯಾಂಕನ್ನು ತುಂಬಿಸಿಡಬೇಕು. ಖಾಲಿ ಬಿಟ್ಟರೆ ಒಳಗೆ ತೇವ ಕಟ್ಟಿ ಡೀಸೆಲ್ ಕೆಡುತ್ತದೆ. 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿ ಬೇಕು. 2025ರ ಸೆಪ್ಟೆಂಬರ್ 22ರಿಂದ ವಿಹಾರದ ಯಾಟ್‌ಗಳ ಮೇಲೆ ಶೇ 40ರಷ್ಟು ಜಿಎಸ್‌ಟಿ ಇರುವುದರಿಂದ ಹೊಸದನ್ನು ಒಬ್ಬರೇ ಕೊಳ್ಳುವುದನ್ನು ನಾನು ಶಿಫಾರಸು ಮಾಡಲಾರೆ.

ಇದನ್ನು ಮುನಿರಾಬಾದಿನ ತುಂಗಭದ್ರಾ ಹಿನ್ನೀರಿಗೇ ತರಬಾರದೇಕೆ ಎಂದು ಕೊಪ್ಪಳದ ಪರಿಚಿತರು ಕೇಳುತ್ತಾರೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಕಾಲುವೆಗಳಿಗೆ ನೀರು ಬಿಟ್ಟು ಬೇಸಿಗೆ ಬರುವಷ್ಟರಲ್ಲಿ ನೀರಿನ ಅಂಚು ಎಷ್ಟೋ ದೂರ ಸರಿದಿರುತ್ತದೆ. ನೀರಿನೊಳಗೆ ಮುಕ್ಕಾಲು ಮೀಟರಿನಷ್ಟು ಇಳಿಯುವ ಈ ದೋಣಿಗೆ ಅಲ್ಲಿ ವರ್ಷವಿಡೀ ನಿಲ್ಲುವ ಜೆಟ್ಟಿ ಕಟ್ಟುವುದು ಕಷ್ಟ. ಅನುಮತಿ ದೊರೆತರೆ ಅಲ್ಲಿಗೆ ಒಪ್ಪುವುದು ಚಪ್ಪಟೆ ತಳದ, ಡೀಸೆಲ್ ಎಂಜಿನ್ನೇ ಇಲ್ಲದ, ಟ್ರೇಲರ್ ಮೇಲೆ ಎಳೆದೊಯ್ಯಬಹುದಾದ ಬ್ಯಾಟರಿ ದೋಣಿ; ಅದರ ಬೆಲೆಯೂ ಇದರ ಒಂದು ಸಣ್ಣ ಪಾಲಿನಷ್ಟೇ ಆಗುತ್ತದೆ.